ಶಾಲಾ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುಳ್ಳು ರಜೆ ಸಂದೇಶ: ಪ್ರತಿಕ್ರಿಯೆ

ಮಡಿಕೇರಿಯ ನಿಮ್ಮ ಒಂಬತ್ತನೇ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಳೆ ರಜೆಯ ಸುಳ್ಳು ಸಂದೇಶಗಳು ಹರಡುತ್ತಿವೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಇದಕ್ಕೆ ಎಲ್ಲ ಸದಸ್ಯರಿಗೂ ಬರೆಯುವ ಅನುಮತಿ ಇರುವುದೇ ಬಹುಶಃ ಕಾರಣ. ಮೊದಲು ಗುಂಪಿನ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ಅಡ್ಮಿನ್‌ಗಳಿಗೆ ಮಾತ್ರ ಸೀಮಿತಗೊಳಿಸಿ; ಬಳಿಕ ಈಗಾಗಲೇ ಬಂದಿರುವ ಸುಳ್ಳು ಸಂದೇಶವನ್ನು ಒತ್ತಿ ಹಿಡಿದು ಎಲ್ಲರಿಗೂ ಅಳಿಸಿ, ಅಡ್ಮಿನ್ ಆಗಿರುವ ನಿಮಗೆ ಆ ಅಧಿಕಾರವಿದೆ. ಜಿಲ್ಲಾಧಿಕಾರಿಗಳ ರಜೆ ಆದೇಶ ಕೈಸೇರಿದಾಗ, ಅದನ್ನು ಜಿಲ್ಲಾಡಳಿತದ ಅಧಿಕೃತ ಖಾತೆಯೊಂದಿಗೆ ಹೋಲಿಸಿ, ದಿನಾಂಕವನ್ನೂ ತಾಲ್ಲೂಕನ್ನೂ ಓದಿದ ಮೇಲಷ್ಟೇ ಹಂಚಿಕೊಳ್ಳಿ, ಏಕೆಂದರೆ ಹಿಂದಿನ ವರ್ಷದ ಆದೇಶವೇ ಮತ್ತೆ ಸುತ್ತುವುದುಂಟು.

ನನಗೆ ಇದಕ್ಕಿಂತ ಹೆಚ್ಚು ಆತಂಕ ತರುವ ಸಂಗತಿ, ವಿದ್ಯಾರ್ಥಿನಿಯರ ದೂರವಾಣಿ ಸಂಖ್ಯೆಗಳು ಗುಂಪಿನ ಎಲ್ಲರಿಗೂ ಕಾಣುತ್ತಿವೆ ಎಂದು ನೀವು ಬರೆದಿರುವುದು. ಅವುಗಳನ್ನು ಇಂದೇ ತೆಗೆದು, ಪೋಷಕರ ಒಪ್ಪಿಗೆಯೊಂದಿಗೆ ಪೋಷಕರ ಸಂಖ್ಯೆಗಳನ್ನೇ ಸೇರಿಸಿ.