ಕಾನ್ಫರೆನ್ಸ್‌ನಲ್ಲಿ ಯಾರೂ ಗೊತ್ತಿಲ್ಲ, ಹೋಗ್ಲಾ ಬೇಡ್ವಾ?

ಪ್ರಶ್ನೆ: ಅಕ್ಕಾ, ನಾನು ಎಂಬಿಬಿಎಸ್ ಮೂರನೇ ವರ್ಷ. ಊರು ಕೊಪ್ಪಳದ ಕಡೆ ಹಳ್ಳಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಬಸುರಿ ಹೆಣ್ಮಕ್ಕಳು ಐರನ್ ಮಾತ್ರೆ ಯಾಕೆ ಅರ್ಧಕ್ಕೇ ಬಿಡ್ತಾರೆ ಅಂತ ಪಿಎಚ್‌ಸಿಯಲ್ಲಿ 100 ಜನರನ್ನ ಮಾತಾಡಿಸಿ ಒಂದು ಸ್ಟಡಿ ಮಾಡಿದ್ದೆ, ಅದು ಕಮ್ಯುನಿಟಿ ಮೆಡಿಸಿನ್‌ನವರ ರಾಜ್ಯಮಟ್ಟದ ಕಾನ್ಫರೆನ್ಸ್‌ಗೆ ಪೋಸ್ಟರ್ ಆಗಿ ಸೆಲೆಕ್ಟ್ ಆಗಿದೆ. ಖುಷಿಗಿಂತ ಭಯನೇ ಜಾಸ್ತಿ. ಫ್ರೆಂಡ್ಸ್ ಎಲ್ಲ ‘ಕಾಂಟ್ಯಾಕ್ಟ್ಸ್ ಮಾಡ್ಕೋ, ಪಿಜಿ ಸೀಟಿಗೆ ಹೆಲ್ಪ್ ಆಗುತ್ತೆ’ ಅಂತಾರೆ. ನಮ್ಮನೇಲಿ ಡಾಕ್ಟರ್ ಯಾರೂ ಇಲ್ಲ. ದೊಡ್ಡ ಪ್ರೊಫೆಸರ್‌ಗಳ ಮುಂದೆ ಹೋಗಿ ಹಲ್ಲು ಗಿಂಜೋದು ಅಂದ್ರೆ ಕೈ ಒಡ್ಡಿದ ಹಾಗೆ ಅನ್ಸುತ್ತೆ, ಇಂಗ್ಲಿಷ್ ಬೇರೆ ತಡವರಿಸುತ್ತೆ. ಪೋಸ್ಟರ್‌ನ ಗೈಡ್ ಕೈಲೇ ಕೊಟ್ಟು ಕಳಿಸಿ ಸುಮ್ನಿದ್ದುಬಿಡ್ಲಾ?

ತಂಗಿ, ಹೋಗು. 100 ಜನರ ಮುಂದೆ ಕೂತು ಕೇಳಿದವಳು ನೀನು, ಪೋಸ್ಟರ್ ಮುಂದೆ ನಿಲ್ಬೇಕಾದವಳೂ ನೀನೇ.

ಮೊದಲು ಆ ಪಿಜಿ ಸೀಟಿನ ಮಾತನ್ನ ತಲೆಯಿಂದ ತೆಗೆದುಬಿಡು. ಸೀಟು ಸಿಗೋದು ನೀಟ್ ಪಿಜಿ ರ‍್ಯಾಂಕ್ ಮೇಲೆ, ರಾಜ್ಯದ ಕೋಟಾ ಆದ್ರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅಂದ್ರೆ ಕೆಇಎ ಕೌನ್ಸೆಲಿಂಗ್, ಆಲ್ ಇಂಡಿಯಾ ಕೋಟಾ ಆದ್ರೆ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್, ಆ ಹಾಲ್‌ನಲ್ಲಿ ಬ್ಯಾಡ್ಜ್ ಹಾಕ್ಕೊಂಡು ಓಡಾಡೋ ಯಾವ ಪ್ರೊಫೆಸರ್ ಪರಿಚಯ ಆದ್ರೂ ನಿನ್ನ ರ‍್ಯಾಂಕ್ ಒಂದು ನಂಬರೂ ಮೇಲೆ ಬರಲ್ಲ. ನಂಗೆ ಇದು ಒಳ್ಳೇ ಸುದ್ದಿ ಅನ್ಸುತ್ತೆ ನೋಡು. ಅವರ ಹತ್ರ ಬೇಡೋಕೆ ಏನೂ ಇಲ್ಲ ಅಂದ್ಮೇಲೆ ಕೈ ಒಡ್ಡೋ ಮಾತು ಎಲ್ಲಿಂದ ಬರುತ್ತೆ? ನೀನು ಮಾಡಿದ ಕೆಲಸದ ಬಗ್ಗೆ, ಅದೇ ಕೆಲಸ ಇಪ್ಪತ್ತು ವರ್ಷದಿಂದ ಮಾಡ್ತಿರೋರ ಹತ್ರ ಮಾತಾಡೋಕೆ ಹೋಗ್ತಿದೀಯ, ಅಷ್ಟೇ.

ಮತ್ತೆ ಆ ಮಾತಿಗೆ ರೆಡಿಯಾಗು, ಭಯ ಅರ್ಧ ಕಮ್ಮಿ ಆಗೋದು ಅಲ್ಲೇ. ಜಡ್ಜ್ ಮಾರ್ಕ್ಸ್ ಶೀಟ್ ಹಿಡ್ಕೊಂಡು ಬರ್ತಾರೆ, ನಿಂಗೆ ಸಿಗೋದು ಎರಡು ಮೂರು ನಿಮಿಷ, ಪೋಸ್ಟರ್ ಪೂರ್ತಿ ಓದ್ಕೊಂಡು ಹೋದ್ರೆ ಇಂಟ್ರೊಡಕ್ಷನ್‌ನಲ್ಲೇ ಟೈಮ್ ಮುಗಿಯುತ್ತೆ. ಏನು ಕೇಳಿದೆ, ಏನು ಸಿಕ್ತು, ಅದಕ್ಕೇನು ಮಾಡ್ಬಹುದು, ಈ ಮೂರನ್ನ ಒಂದು ನಿಮಿಷದಲ್ಲಿ ಹೇಳೋದು ಹಾಸ್ಟೆಲ್ ರೂಮ್‌ಮೇಟ್ ಮುಂದೆ ಬಾಯಿಪಾಠ ಆಗೋವರೆಗೂ ಹೇಳಿ ನೋಡು. ಆಮೇಲೆ ಬರೋ ಪ್ರಶ್ನೆ ಹೆಚ್ಚುಕಮ್ಮಿ ಗೊತ್ತಿರೋದೇ, ‘100 ಜನ ಯಾಕೆ?’ ಅಂತ ಕೇಳೇ ಕೇಳ್ತಾರೆ. ನಿನ್ನ ಗೈಡ್ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎನ್‌ಎಫ್‌ಎಚ್‌ಎಸ್-5ರಲ್ಲಿರೋ ಬಸುರಿಯರ ಅನೀಮಿಯಾ ಅಂಕಿ 52.2 ಪರ್ಸೆಂಟ್ ಇಟ್ಕೊಂಡಿರಬಹುದು, ಅದನ್ನ 52 ಅಂತ ಹಿಡಿದು ಎರರ್ 10 ಹಾಕಿ, ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋ ಫೋರ್ ಪಿಕ್ಯೂ ಬೈ ಡಿ ಸ್ಕ್ವೇರ್ ಸೂತ್ರ (ಪಿ 52, ಕ್ಯೂ 48, ಡಿ ಅಂದ್ರೆ ಆ ಎರರ್ 10) ಮಾಡಿದ್ರೆ 99.84 ಬರುತ್ತೆ, ಅದೇ ನಿನ್ನ 100. ಬೇರೆ ಲೆಕ್ಕ ಆಗಿದ್ರೆ ಈಗ್ಲೇ ಗೈಡ್ ಹತ್ರ ಕೂತು ತಿಳ್ಕೋ. ಎಥಿಕ್ಸ್ ಕಮಿಟಿ ಪರ್ಮಿಷನ್ ಯಾವಾಗ ಸಿಕ್ತು, ಸ್ಟಡಿಯ ಲಿಮಿಟೇಷನ್ ಏನು, ಇವೂ ನಾಲಿಗೆ ತುದೀಲಿ ಇರ್ಲಿ. ಗೊತ್ತಿಲ್ಲದ್ದು ಕೇಳಿದ್ರೆ ‘ಅದನ್ನ ನಾವು ನೋಡಿಲ್ಲ ಮೇಡಂ’ ಅಂತ ನೇರವಾಗಿ ಹೇಳು, ಕಥೆ ಕಟ್ಟಬೇಡ.

ಇಂಗ್ಲಿಷ್ ಬಗ್ಗೆ ಅಷ್ಟೊಂದು ಕೊರಗಬೇಡ. ರಾಜ್ಯದ ಕಾನ್ಫರೆನ್ಸ್ ಅದು, ಬರೋರಲ್ಲಿ ಬಹಳ ಜನ ಕನ್ನಡದೋರೇ, ತಡವರಿಸಿದ್ರೆ ‘ಕನ್ನಡದಲ್ಲಿ ಹೇಳ್ಲಾ ಮೇಡಂ’ ಅಂತ ಕೇಳು. ಅದೂ ಅಲ್ದೆ ನಿನ್ನ ಡೇಟಾ ಇರೋದೇ ಕನ್ನಡದಲ್ಲಿ. ‘ಕೆಂಪು ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತದ’ ಅಂತಲೋ, ಮಲ ಕಪ್ಪಗಾಗಿದ್ದು ನೋಡಿ ಹೆದರಿ ಬಿಟ್ಟೆ ಅಂತಲೋ, ಮಾತ್ರೆ ನುಂಗಿದ ಮೇಲೆ ಚಹಾ ಕುಡಿದೆ ಅಂತಲೋ ಯಾರಾದ್ರೂ ಹೇಳಿದ್ರೆ ಅದನ್ನ ಅವರು ಆಡಿದ ಹಾಗೇ ಹೇಳು. ಚಹಾದಿಂದ ಐರನ್ ಹೀರಿಕೊಳ್ಳೋದು ಕಮ್ಮಿ ಆಗುತ್ತೆ ಅಂತ ಅಲ್ಲಿರೋ ಎಲ್ರಿಗೂ ಗೊತ್ತು, ಕೊಪ್ಪಳದ ಹೆಣ್ಮಗಳು ಆ ಮಾತ್ರೆ ಬಗ್ಗೆ ಏನಂತಾಳೆ ಅನ್ನೋದು ನಿಂಗೆ ಗೊತ್ತು.

ಇನ್ನು ಯಾರನ್ನ ಮಾತಾಡಿಸ್ಬೇಕು ಅಂದ್ರೆ, ನಾನಾದ್ರೆ ದೊಡ್ಡ ಪ್ರೊಫೆಸರ್‌ಗಿಂತ ಮುಂಚೆ ಪಿಜಿಗಳ ಹತ್ರ ಹೋಗು ಅಂತೀನಿ. ಎಂಡಿ ಎರಡನೇ ವರ್ಷದವರು ಸಿಕ್ಕರೆ ಥೀಸಿಸ್ ಏನು, ಫೀಲ್ಡ್ ಪೋಸ್ಟಿಂಗ್ ಹೇಗಿದೆ, ಈ ಬ್ರಾಂಚ್ ತಗೊಂಡು ಮುಂದೆ ಎಲ್ಲೆಲ್ಲಿ ಕೆಲಸ ಸಿಗುತ್ತೆ ಅಂತ ಕೇಳು, ಇದೆಲ್ಲ ಅವರಷ್ಟು ಬಿಚ್ಚಿ ಹೇಳೋರು ಯಾರೂ ಇಲ್ಲ. ಪಕ್ಕದ ಪೋಸ್ಟರ್ ಹತ್ರ ನಿಂತಿರೋ ಹುಡುಗನೋ ಹುಡುಗೀನೋ ನಿನ್ನಷ್ಟೇ ಬೆವರ್ತಿರ್ತಾರೆ, ‘ನಿಮ್ಮದು ಯಾವ ಕಾಲೇಜು, ಊಟಕ್ಕೆ ಜೊತೇಲಿ ಹೋಗೋಣ್ವಾ’ ಅಂದ್ರೆ ಸಾಕು, ಅವತ್ತಿನ ಒಂಟಿತನ ಅಲ್ಲಿಗೆ ಮುಗೀತು.

ಪ್ರೊಫೆಸರ್ ಹತ್ರ ಹೋಗೋದಾದ್ರೆ ಅವರ ಟಾಕ್ ಪೂರ್ತಿ ಕೇಳಿ ಹೋಗು. ಸ್ಟೇಜ್ ಇಳಿದ ತಕ್ಷಣ ಮುತ್ತಿಗೆ ಇರುತ್ತೆ, ಟೀ ಬ್ರೇಕ್‌ವರೆಗೆ ಕಾಯಿ. ಹೆಸರು, ಕಾಲೇಜು, ಆಮೇಲೆ ಟಾಕ್‌ನಲ್ಲಿ ಬಂದ ವಿಷಯದ ಬಗ್ಗೆ ಒಂದೇ ಪ್ರಶ್ನೆ, ಉತ್ತರ ಕೇಳಿ ಥ್ಯಾಂಕ್ಸ್ ಹೇಳಿ ಬಂದ್ಬಿಡು. ಸೆಲ್ಫಿ, ಪರ್ಸನಲ್ ನಂಬರ್ ಎಲ್ಲ ಬೇಡ, ಇಮೇಲ್ ಐಡಿ ಸಾಕು. ವಾಪಸ್ ಬಂದು ಒಂದೆರಡು ದಿನದೊಳಗೆ ನಾಲ್ಕು ಸಾಲು ಬರಿ, ‘ಮಾತ್ರೆ ಬಿಡೋರ ಬಗ್ಗೆ ಪೋಸ್ಟರ್ ಮಾಡಿದ್ದೆ, ನೀವು ಹೇಳಿದ್ದನ್ನ ಓದ್ತಿದೀನಿ’ ಅಂತ. ಉತ್ತರ ಬರದೇ ಇದ್ರೆ ಮನಸ್ಸಿಗೆ ಹಚ್ಕೋಬೇಡ, ತುಂಬಾ ಜನ ಉತ್ತರ ಬರೆಯಲ್ಲ. ಪೋಸ್ಟರ್ ಫೋಟೋನ ಆ ಪಿಎಚ್‌ಸಿಯ ಸಿಸ್ಟರಿಗೂ ಆಶಾ ಕಾರ್ಯಕರ್ತೆಯರಿಗೂ ಕಳಿಸು ಮಾರಾಯ್ತಿ. ಆ 100 ಜನರ ಹತ್ರ ನಿನ್ನ ಕರ್ಕೊಂಡು ಹೋದೋರು ಅವರೇ ತಾನೇ, ಪರಿಚಯ ಅಂದ್ರೆ ಅದೂ ಪರಿಚಯನೇ.

ಕೊನೇದಾಗಿ, ನೀನು ಕೇಳಿಲ್ಲ, ಆದ್ರೂ ಹೇಳ್ತೀನಿ. ಎಷ್ಟೇ ದೊಡ್ಡೋರಾದ್ರೂ ಸರಿ, ಪ್ರಾಜೆಕ್ಟ್ ಮಾತಾಡೋಣ ಬಾ ಅಂತ ಹೋಟೆಲ್ ರೂಮಿಗೆ ಕರೆದ್ರೆ ಹೋಗ್ಬೇಡ, ‘ನಾಳೆ ಹಾಲ್‌ನಲ್ಲೇ ಸಿಗ್ತೀನಿ ಸರ್’ ಅಂದು ಬಂದ್ಬಿಡು, ಗೈಡ್‌ಗೂ ಮನೆಯವ್ರಿಗೂ ಅವತ್ತೇ ತಿಳಿಸು. ರಾತ್ರಿ ಬ್ಯಾಂಕ್ವೆಟ್‌ಗೆ ಹೋಗೋದಾದ್ರೆ ನಿಮ್ಮ ಕಾಲೇಜಿನವರ ಜೊತೇಲೇ ಹೋಗಿ ಅವರ ಜೊತೇಲೇ ವಾಪಸ್ ಬಾ. ಉಳ್ಕೊಳ್ಳೋದಕ್ಕೆ ಆ ಊರಿನ ಮೆಡಿಕಲ್ ಕಾಲೇಜಿನ ಲೇಡೀಸ್ ಹಾಸ್ಟೆಲ್‌ನಲ್ಲಿ ಜಾಗ ಸಿಗುತ್ತಾ ಅಂತ ಆರ್ಗನೈಸಿಂಗ್ ಕಮಿಟಿಗೆ ಈ ವಾರನೇ ಫೋನ್ ಮಾಡಿ ಕೇಳು, ಖರ್ಚೂ ಉಳಿಯುತ್ತೆ.