ಮನೆಗೆ ಹೊರಟವರಾರು?

ಮಾನ್ಯರೇ,

ಕಳೆದ ಸಂಚಿಕೆಯ ಬ್ರಿಟಿಷ್ ಸಂಸತ್ತಿನ ಲೇಖನದಲ್ಲಿ ಕಾಯಿದೆಗಳಿಗಿಂತ ರಾಜಕಾರಣಿಗಳ ಊಟ, ಉಡುಪು, ಕ್ಲಬ್ಬುಗಳ ಸುದ್ದಿಯೇ ಹೆಚ್ಚಾಯಿತೆಂದೂ, ಇತಿಹಾಸದ ಹೆಸರಿನಲ್ಲಿ ಹರಟೆಯನ್ನು ಅಚ್ಚು ಹಾಕಿದ್ದೇವೆಂದೂ ಬರೆದಿದ್ದೀರಿ. ಒಂದು ಕಡೆ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಬ್ರಿಟನ್ನಿನ ಪ್ರಧಾನಿ ಕಿರಿಯ ವಿಲಿಯಂ ಪಿಟ್ 1806ರಲ್ಲಿ ಸಾಯುವ ಮುನ್ನ ಬೆಲ್ಲಮಿಯ ಕರುಮಾಂಸದ ಪೈ ತಿನ್ನಬೇಕೆಂದರು ಎಂಬುದು ಬಾಯಿಂದ ಬಾಯಿಗೆ ಬಂದ ಕಥೆ. ಅದನ್ನು ನಡೆದ ಸಂಗತಿಯಂತೆ ಪ್ರಕಟಿಸಿದ್ದು ನಮ್ಮ ತಪ್ಪು. ಸಂಸತ್ತಿನ ನೌಕರರಾಗಿದ್ದುಕೊಂಡು ಸದಸ್ಯರಿಗೆ ಊಟ ಒದಗಿಸುತ್ತಿದ್ದ ಬೆಲ್ಲಮಿ ಮಾತ್ರ ಕಥೆಯಲ್ಲ.

ಉಳಿದ ಮಾತನ್ನು ಒಪ್ಪಲಾರೆವು. 1858ರ ಬೇಸಿಗೆಯನ್ನೇ ನೋಡಿ. ಲಂಡನ್ನಿನ ಕೊಳಚೆಯೆಲ್ಲ ಥೇಮ್ಸ್ ನದಿಗೆ ಹರಿಯುತ್ತಿದ್ದ ಕಾಲ ಅದು. ನದಿಯ ದಂಡೆಯಲ್ಲೇ ಇದ್ದ ಸಂಸತ್ ಭವನದಲ್ಲಿ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ನಾತ ತಡೆಯಲಾಗದೆ, ಹಣಕಾಸು ಮಂತ್ರಿ ಡಿಸ್ರೇಲಿ ಒಂದು ಕೈಯಲ್ಲಿ ಕಾಗದದ ಕಟ್ಟನ್ನೂ ಇನ್ನೊಂದರಲ್ಲಿ ಮೂಗಿಗೊತ್ತಿದ ಕರವಸ್ತ್ರವನ್ನೂ ಹಿಡಿದು ಸಮಿತಿಯ ಕೊಠಡಿಯಿಂದ ಹೊರಗೋಡಿದರು. ವರ್ಷಗಟ್ಟಲೆ ಎಳೆದಾಡಿದ್ದ ಒಳಚರಂಡಿಯ ಪ್ರಶ್ನೆಗೆ ಅವರೇ ತಂದ ಮಸೂದೆ ಮೂರು ವಾರದೊಳಗೆ ಕಾಯಿದೆಯಾಯಿತು. ಅದಕ್ಕೆ ಮುಂಚೆ ಕಾಲರಾದಲ್ಲಿ ಸಾವಿರಾರು ಜನ ಸತ್ತಾಗ ಈ ಅವಸರ ಯಾರಿಗೂ ಇರಲಿಲ್ಲ.

ಕ್ಲಬ್ಬುಗಳ ಮಾತೂ ಅಷ್ಟೇ. ಪಕ್ಷಗಳಿಗೆ ಸ್ವಂತ ಕಚೇರಿಗಳು ಬರುವ ಮೊದಲು 1832ರ ಕಾರ್ಲ್‌ಟನ್ ಕ್ಲಬ್ಬು ಟೋರಿಗಳಿಗೆ, ಅಂದರೆ ಸಂಪ್ರದಾಯವಾದಿಗಳಿಗೆ, 1836ರ ರಿಫಾರ್ಮ್ ಕ್ಲಬ್ಬು ಉದಾರವಾದಿಗಳಿಗೆ ಊಟದ ಮನೆಯೂ ಆಗಿತ್ತು, ಪಕ್ಷದ ಕಚೇರಿಯೂ ಆಗಿತ್ತು. ಆದರೆ ಆ ಮೇಜಿಗೆ ಕೂರುವವರು ತಮ್ಮ ಜೇಬಿನಿಂದಲೇ ತೆರಬೇಕಿತ್ತು, ಏಕೆಂದರೆ ಸದಸ್ಯರಿಗೆ ಸಂಬಳವೆಂಬುದೇ ಇರಲಿಲ್ಲ. ಗಣಿಯಲ್ಲಿ ದುಡಿದು ಬಂದ ಕೀರ್ ಹಾರ್ಡಿ 1892ರಲ್ಲಿ ಎತ್ತರದ ರೇಷ್ಮೆ ಟೋಪಿಗಳ ನಡುವೆ ಬಟ್ಟೆಯ ಟೋಪಿ ಹಾಕಿಕೊಂಡು ಸಭೆಗೆ ಬಂದಾಗ ಪತ್ರಿಕೆಗಳು ಗದ್ದಲವೆಬ್ಬಿಸಿದ್ದು ಇದರಿಂದಲೇ. ಇಂಥ ಬಡ ಸದಸ್ಯರ ಖರ್ಚನ್ನು ಹೊರುತ್ತಿದ್ದ ಕಾರ್ಮಿಕ ಸಂಘಗಳ ಹಣದಿಂದ ರಾಜಕೀಯ ನಡೆಸುವುದು ಸಲ್ಲದೆಂದು 1909ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ ಆಸ್ಬರ್ನ್ ಪ್ರಕರಣದಲ್ಲಿ ತೀರ್ಪಿತ್ತ ಮೇಲೆ, 1911ರಲ್ಲಿ ವರ್ಷಕ್ಕೆ 400 ಪೌಂಡ್ ವೇತನ ಗೊತ್ತಾಯಿತು. ಮನೆ ಬಾಡಿಗೆಯ ಲೆಕ್ಕ ಬಿಟ್ಟು ಈ ನಿರ್ಧಾರವನ್ನು ವಿವರಿಸುವುದು ಹೇಗೆ?

ಹೆಂಗಸರ ಅಧ್ಯಾಯ ಅನಗತ್ಯವೆಂಬ ನಿಮ್ಮ ಮಾತಿನಿಂದ, ನಿಜ ಹೇಳಬೇಕೆಂದರೆ, ಬೇಸರವಾಯಿತು. 1778ರಲ್ಲಿ ಅವರನ್ನು ಗ್ಯಾಲರಿಯಿಂದ ಹೊರಹಾಕಿದ ಮೇಲೆ, ಆಗ ಸಂಸತ್ತಿನ ಕೆಳಮನೆ ಸೇರುತ್ತಿದ್ದ ಸೇಂಟ್ ಸ್ಟೀಫನ್ಸ್ ಸಭಾಂಗಣದ ಅಟ್ಟದಲ್ಲಿದ್ದ ಗಾಳಿಗಂಡಿಯ ಸುತ್ತ ನಿಂತು, ಕೆಳಗಿನ ಮೇಣದಬತ್ತಿಗಳ ಹೊಗೆ ಮತ್ತು ಬಿಸಿ ಮುಖಕ್ಕೆ ಬಡಿಯುತ್ತಿರಲು, ಗಂಡಂದಿರೂ ಅಣ್ಣತಮ್ಮಂದಿರೂ ಆಡುವ ಮಾತಿಗೆ ಅವರು ಕಿವಿಗೊಡುತ್ತಿದ್ದರು. 1834ರ ಬೆಂಕಿಯಲ್ಲಿ ಆ ಕಟ್ಟಡ ಉರಿದುಹೋದ ಬಳಿಕ ಹೊಸ ಭವನದಲ್ಲಿ ಹೆಂಗಸರಿಗೆ ಗ್ಯಾಲರಿಯೇನೋ ಸಿಕ್ಕಿತು, ಮುಂದೆ ಲೋಹದ ಜಾಲರಿಯೊಡನೆ! 1908ರಲ್ಲಿ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಮ್ಯೂರಿಯಲ್ ಮ್ಯಾಟರ್ಸ್ ಮತ್ತು ಹೆಲೆನ್ ಫಾಕ್ಸ್ ಆ ಜಾಲರಿಗೇ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಬೀಗ ತೆಗೆಯಲಾಗದೆ ಸಿಬ್ಬಂದಿ ಜಾಲರಿಯ ತುಂಡನ್ನೇ ಕಳಚಿ ಅವರೊಂದಿಗೆ ಹೊರಗೊಯ್ಯಬೇಕಾಯಿತು. ಅದನ್ನು ಪೂರ್ತಿ ತೆಗೆದದ್ದು 1917ರಲ್ಲಿ.

ಕೊನೆಗೆ, ಲೇಖನದಲ್ಲಿ ವಿವರಣೆಯಿಲ್ಲದೆ ಬಂದ ಒಂದು ಕೂಗಿನ ಅರ್ಥ ಕೇಳಿದ್ದೀರಿ. ದಿನದ ಕಲಾಪ ಮುಗಿದೊಡನೆ ದ್ವಾರಪಾಲಕರು “ಮನೆಗೆ ಹೊರಟವರಾರು?” ಎಂದು ಕೂಗುತ್ತಾರೆ. ವೆಸ್ಟ್‌ಮಿನ್‌ಸ್ಟರಿನಿಂದ ಲಂಡನ್ ನಗರಕ್ಕೆ ಹೋಗುವ ಕತ್ತಲೆ ದಾರಿಯಲ್ಲಿ ಕಳ್ಳರ ಕಾಟವಿದ್ದುದರಿಂದ, ಒಂದೇ ಕಡೆಗೆ ಹೋಗುವ ಸದಸ್ಯರು ಗುಂಪುಗೂಡಲೆಂದು ಹೀಗೆ ಕೂಗುತ್ತಿದ್ದರೆಂಬುದು ಸಂಸತ್ತಿನಲ್ಲಿ ನಡೆದುಬಂದ ನಂಬಿಕೆ. ಮನೆಗೆ ಹೋಗಲು ಸದಸ್ಯರಿಗೆ ಈಗ ಭೂಗತ ರೈಲಿದೆ; ಕೂಗು ನಿಂತಿಲ್ಲ.

— ಸಂಪಾದಕ