ದೇವರ ಬಳಿ ಬರೋಕೆ ಮೊದಲು ನಾವು ಸರಿಹೋಗಬೇಕಾ?

ಬೇಡ. ಕ್ರೈಸ್ತ ನಂಬಿಕೆಯಲ್ಲಿ ದೇವರು ಮೊದಲು ಸೇರಿಸಿಕೊಳ್ಳುತ್ತಾರೆ, ವಾಸಿ ಮಾಡುವುದು ಆಮೇಲೆ. ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತು, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದವನು ಅವನು. ಬೈಬಲ್‌ನಲ್ಲಿ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿ. ಪುನರುತ್ಥಾನವಾದ ಮೇಲೆ, ಅಂದರೆ ಸತ್ತು ಮತ್ತೆ ಜೀವಂತವಾಗಿ ಎದ್ದ ಮೇಲೆ, ಯೇಸುಸ್ವಾಮಿ ಗಲಿಲಾಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ಪೇತ್ರನನ್ನೂ ಜೊತೆಯವರನ್ನೂ ಊಟಕ್ಕೆ ಕರೆದರು. ಊಟ ಮೊದಲು! ಅದಾದ ಮೇಲೆಯೇ 'ನನ್ನನ್ನು ಪ್ರೀತಿಸುತ್ತೀಯಾ?' ಎಂದು ಮೂರು ಸಲ ಕೇಳಿದರು. ಮೂರನೇ ಸಲ ಪೇತ್ರನಿಗೆ ನೋವಾಯಿತು. ಗಾಯ ತೊಳೆಯುವಾಗ ಉರಿಯುತ್ತದೆ ಅಲ್ವಾ, ಹಾಗೆ. ತಪ್ಪನ್ನು ಸುಮ್ನೆ ಮುಚ್ಚಿಹಾಕಲಿಲ್ಲ, ಅವನನ್ನು ದೂರ ತಳ್ಳಲೂ ಇಲ್ಲ, ತನ್ನ ಕುರಿ ಮೇಯಿಸುವ ಕೆಲಸ, ಅಂದರೆ ತನ್ನನ್ನು ನಂಬಿದವರನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು. ಪೇತ್ರ ಆಮೇಲೂ ಎಡವಿದ, ಅಂತಿಯೋಕ್ಯ ಪಟ್ಟಣದಲ್ಲಿ ಇನ್ನೊಬ್ಬ ಅಪೊಸ್ತಲ ಪೌಲನಿಂದ ಎಲ್ಲರೆದುರು ಬೈಸಿಕೊಂಡ. ಆ ಕೆಲಸ ಮಾತ್ರ ಅವನ ಕೈತಪ್ಪಲಿಲ್ಲ.